ಮನೆಗೇ ಬಂದು ವೀಣೆ ರಿಪೇರಿ ಮಾಡ್ತೀನಿ ಅಂದರೆ ಸ್ವಲ್ಪ ತಡೀರಿ

ಮೈಸೂರಿನಲ್ಲಿ ಅಜ್ಜಿ, ಅತ್ತೆ ಕಾಲದ ವೀಣೆ ಇಟ್ಟುಕೊಂಡಿರುವವರು ದಯವಿಟ್ಟು ಓದಿ. ನಾನು ಮೋಸ ಹೋದೆ. ಹೇಳಿಕೊಳ್ಳೋಕೂ ನಾಚಿಕೆ, ಹದಿನೈದು ವರ್ಷ ವೀಣೆ ಕಲಿತವಳು ನಾನು.

ನಮ್ಮದು ಅಜ್ಜಿಯ ವೀಣೆ. ಹಲಸಿನ ಮರದ್ದು, ದುಂಡನೆಯ ಕೊಡ, ಉದ್ದನೆಯ ದಂಡಿ ಎಲ್ಲ ಒಂದೇ ಮರದಲ್ಲಿ ಕಡೆದದ್ದು. ಮೇಣ ಒಣಗಿ ನಾಲ್ಕೈದು ಮೆಟ್ಟಿಲು, ಅಂದರೆ ತಂತಿಯ ಕೆಳಗೆ ಮೇಣದಲ್ಲಿ ಕೂರಿಸಿರುವ ಲೋಹದ ಪಟ್ಟಿಗಳು, ಅಲ್ಲಾಡುತ್ತಿದ್ದವು. ಸರಸ್ವತಿ ಪೂಜೆಗೆ ಮುಂಚೆ ಮೇಳ ಕಟ್ಟಿಸೋಣ, ಅಂದರೆ ಹೊಸ ಮೇಣ ಹಾಕಿ ಮೆಟ್ಟಿಲು ಕೂರಿಸಿಸೋಣ ಅಂತ ಯಾರೋ ಕೊಟ್ಟ ರಿಪೇರಿಯವನ ನಂಬರಿಗೆ ಫೋನ್ ಮಾಡಿದೆ. "ವೀಣೆ ಹೊರಗೆ ಕಳಿಸೋದೇ ಬೇಡ ಅಕ್ಕ, ಮನೆಗೇ ಬರ್ತೀನಿ" ಅಂದ. ಅಲ್ಲೇ ಬಿದ್ದೆ. 9,000 ರೂಪಾಯಿ ಮೊದಲೇ ಕೊಟ್ಟೆ. ಹೂಂ, ಪೂರ್ತಿ.

ಮೇಷ್ಟ್ರ ಮನೆಯಲ್ಲಿ ಮೇಳ ಕಟ್ಟುವುದನ್ನು ನೋಡಿದ್ದೇನೆ. ಜೇನುಮೇಣಕ್ಕೆ ಕಪ್ಪು ಪುಡಿ ಸೇರಿಸಿ, ಅದು ಬೆಚ್ಚಗಿರುವಾಗಲೇ ತಂತಿ ಮೀಟಿ ಮೀಟಿ, ಒಂದೊಂದು ಸ್ವರಾನೂ ಕಿವಿಯಲ್ಲಿ ಹಿಡಿದು 24 ಮೆಟ್ಟಿಲು ಕೂರಿಸಬೇಕು. ಬೆಳಿಗ್ಗೆ ಕೂತರೆ ಸಂಜೆ. ಇವನು ಎರಡೂವರೆ ಗಂಟೆಯಲ್ಲಿ ಮುಗಿಸಿದ! ಪೆನ್ಸಿಲ್ ಗೆರೆ ಹಾಕಿಕೊಂಡು ಹಳೇ ಜಾಗಕ್ಕೇ ಹೊಸ ಮೆಟ್ಟಿಲು ಒತ್ತಿದ. ನಾನು ಒಳಗೆ ಅವನಿಗೇ ಉಪ್ಪಿಟ್ಟು ಕೆದಕುತ್ತಿದ್ದೆ. ಮೇಣದ ಬತ್ತಿ ವಾಸನೆ ಬಂತು. ಪಕ್ಕದ ಮನೆಯಲ್ಲಿ ಕರೆಂಟ್ ಹೋಗಿರಬೇಕು ಅಂದುಕೊಂಡೆ.

ಮೂರನೇ ದಿನ ಗಾಂಧಾರದಲ್ಲಿ ತಂತಿ ಎಳೆದೆ ನೋಡಿ, ಮೆಟ್ಟಿಲು ಬೆರಳಿನ ಜೊತೆಗೇ ಜಾರಿಕೊಂಡು ಬಂತು. ಉಗುರಲ್ಲಿ ಕೆರೆದರೆ ಮೇಣ ಪುಡಿಪುಡಿ. ಮೇಲೆ ಕಪ್ಪು, ಒಳಗೆ ಬೆಳ್ಳಗೆ. ಕಸದ ಬುಟ್ಟಿ ಕೆದಕಿದೆ, ಬತ್ತಿಯ ದಾರ ಸಿಕ್ಕಿತು. ಮೇಣದ ಬತ್ತಿ! ಅಜ್ಜಿಯ ವೀಣೆಗೆ ಮೇಣದ ಬತ್ತಿ!

ಫೋನ್ ಮಾಡಿದೆ. "ಬಿಸಿಲು ಜಾಸ್ತಿ ಅಲ್ವಾ ಅಕ್ಕ, ಹಂಗಾಗುತ್ತೆ." ಹೊರಗೆ ಮಳೆ ಸುರಿಯುತ್ತಿತ್ತು. ಮತ್ತೆ ಮಾಡಿದೆ. "ನೀವೇ ಜೋರಾಗಿ ಎಳೆದಿರ್ತೀರ." ಮೂರನೇ ಸಲ, "ಹಳೇ ಮರ, ಮೇಣ ಹಿಡಿಯಲ್ಲ." ಹಳೇ ಮೆಟ್ಟಿಲುಗಳನ್ನು "ಸವೆದಿವೆ" ಅಂತ ಚೀಲಕ್ಕೆ ಹಾಕಿಕೊಂಡು ಹೋಗಿದ್ದ. ಅವನ್ನಾದರೂ ಕೊಡಪ್ಪ ಅಂದರೆ, "ಗುಜರಿಗೆ ಹೋಯ್ತು." ಗುಜರಿಗಂತೆ!

ನೀವು ಮೇಳ ಕಟ್ಟಿಸಿದರೆ ಮೇಣವನ್ನು ಮೊದಲು ಕೈಯಲ್ಲಿ ಹಿಸುಕಿ ನೋಡಿ. ಜೇನುಮೇಣ ಬೆರಳ ಬಿಸಿಗೆ ಬಾಗುತ್ತೆ, ಉದುರಲ್ಲ. ಹಳೇದು ಒಂದು ತುಂಡೂ ಮನೆ ದಾಟಬಾರದು. ದುಡ್ಡು ನುಡಿಸಿ ನೋಡಿದ ಮೇಲೆ. ಉಪ್ಪಿಟ್ಟು ಮಾಡಲೇಬೇಡಿ, ಪಕ್ಕದಲ್ಲೇ ಕೂತಿರಿ.

ನಿನ್ನೆ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. "ಮನೆಗೇ ಬಂದು ಮೇಳ ಕಟ್ಟಿಕೊಡಲಾಗುವುದು" ಅಂತ ಬರೆದು ಫೋಟೋ ಹಾಕಿದ್ದಾನೆ. ಹಿಂದೆ ಹಸಿರು ಜಮಖಾನೆ ಕಾಣುತ್ತೆ. ಅದು ನಮ್ಮನೇದು. ವೀಣೆಯೂ.