ಕೆಂಪು ಹೊಲಕ್ಕೆ ಯಾವುದು ಹಿತ: ಕೆರೆ ಗೋಡೋ, ಕೊಟ್ಟಿಗೆ ಗೊಬ್ಬರವೋ, ಅಪ್ಸೆಣಬೋ?

ಕೋಲಾರ, ತುಮಕೂರು ಕಡೆಯ ಮರಳು ಮಿಶ್ರಿತ ಕೆಂಪು ಹೊಲದಲ್ಲಿ ರಾಗಿ ಸೊರಗಿದರೆ ಗೊಬ್ಬರ ಸಾಲದು ಎಂದು ಯೂರಿಯಾ ಎರಚುತ್ತಾರೆ. ಒಳ್ಳೆಯ ಮಳೆ ಬಿದ್ದು ವಾರದೊಳಗೆ ಪೈರು ಬಾಡುತ್ತಿದ್ದರೆ ಕೊರತೆ ಇರುವುದು ಜೇಡಿಯದು (ಅಂಟುವ ನುಣ್ಣನೆ ಮಣ್ಣು), ಸಾವಯವ ಅಂಶದ್ದು. ನೀರನ್ನೂ ಪೋಷಕಾಂಶವನ್ನೂ ಹಿಡಿದಿಡುವುದು ಇವೆರಡೇ. ಇವಿಲ್ಲದ ಕಡೆ ಹಾಕಿದ ಯೂರಿಯಾ ಜೋರು ಮಳೆಗೆ ಬೇರಿನಾಳ ದಾಟಿ ಇಳಿದುಹೋಗುತ್ತದೆ. ಈ ಕೊರತೆ ತುಂಬುವ ಮೂರು ದಾರಿಗಳನ್ನು, ಅಂದರೆ ಕೆರೆ ಗೋಡು (ಕೆರೆಯಂಗಳದ ಹೂಳು), ಕೊಟ್ಟಿಗೆ ಗೊಬ್ಬರ, ಅಪ್ಸೆಣಬು (ಮಣ್ಣಿಗೆ ಸೇರಿಸಲೆಂದೇ ಬೆಳೆಯುವ ಹಸಿರು ಗೊಬ್ಬರದ ಬೆಳೆ), ಪಕ್ಕಪಕ್ಕದ ಪಟ್ಟೆಗಳಲ್ಲಿ ಹಾಕಿ ನೋಡಿದ ಮೇಲೆ ಬರೆದದ್ದಿದು.

ಮೊದಲು ಬೆರಳ ಪರೀಕ್ಷೆ. ಒಂದು ಹಿಡಿ ಮಣ್ಣಿನ ಕಲ್ಲು ಆರಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತಿ. 2.5 ಸೆಂ.ಮೀ. ಒಳಗೇ ಮುರಿದರೆ ಜೇಡಿ ಕಡಿಮೆ. 5 ಸೆಂ.ಮೀ. ದಾಟಿದರೆ ಜೇಡಿ ಧಾರಾಳವಾಗಿದೆ. ಅಲ್ಲಿಗೆ ಗೋಡು ಹೊಡೆಸುವುದು ದುಡ್ಡು ದಂಡ.

ಕೆರೆ ಗೋಡಿನ ಲಾಭ ವರ್ಷಗಟ್ಟಲೆ ನಿಲ್ಲುತ್ತದೆ, ಜೇಡಿ ಕೊಳೆತು ಹೋಗುವುದಿಲ್ಲವಲ್ಲ. ಆದರೆ ಪ್ರಮಾಣದ ವಿಷಯದಲ್ಲೇ ಎಲ್ಲರೂ ಎಡವುವುದು. ಎಕರೆಗೆ ಒಂದು ಸೆಂ.ಮೀ. ದಪ್ಪ ಹರಡಲು 40 ಘನ ಮೀಟರ್ ಬೇಕು. ಮೂರು ಘನ ಮೀಟರ್ ಹಿಡಿಯುವ ಟ್ರೇಲರ್ ಆದರೆ 13-14 ಲೋಡು. ಹೊಲದಲ್ಲಿ ಶೇ 10, ಗೋಡಿನಲ್ಲಿ ಶೇ 50 ಜೇಡಿ ಇದೆ ಎಂದುಕೊಂಡರೂ, ಮೇಲಿನ 15 ಸೆಂ.ಮೀ. ಮಣ್ಣಿಗೆ ಬೆರೆತಾಗ ಜೇಡಿ ಏರುವುದು ಶೇ 12.5ರ ಆಸುಪಾಸಿಗೆ ಅಷ್ಟೇ. ನಾಲ್ಕು ಲೋಡು ಸುರಿದು ಗುಣ ಕಾಣಲಿಲ್ಲ ಎನ್ನುವವರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಗೋಡಿಗೂ ಬೆರಳ ಪರೀಕ್ಷೆ ಮಾಡಿಯೇ ಲೋಡು ತುಂಬಿಸಬೇಕು. ಕಾಲುವೆ ನೀರು ಕೆರೆಗೆ ಬಂದು ಬೀಳುವ ಬಾಯಲ್ಲಿ ಮರಳು ನಿಲ್ಲುತ್ತದೆ, ಏರಿಯ ಹತ್ತಿರ ಜೇಡಿ. ಊರ ಚರಂಡಿ ಸೇರುವ ಕೆರೆಯ ಗೋಡಿನಲ್ಲಿ ಉಪ್ಪಿರಬಹುದು. ಲ್ಯಾಬಿನಲ್ಲಿ ಲವಣಾಂಶ ನೋಡಿಸದೆ ಮುಟ್ಟಬೇಡಿ. ಬಳ್ಳಾರಿ ಜಾಲಿ ಬೆಳೆದ ಕೆರೆಯಂಗಳವಾದರೆ ಅದರ ಬೀಜವೂ ಜೊತೆಗೇ ಬರುತ್ತದೆ. ಬೇಸಿಗೆಯಲ್ಲೇ ಹರಡಿ ಹೆಂಟೆ ಬಿಸಿಲಿಗೆ ಬಿರಿಯಲು ಬಿಡಿ, ಮೊದಲ ಮಳೆಯ ಹದದಲ್ಲಿ ಕುಂಟೆ ಹೊಡೆಯಿರಿ. ಹಸಿ ನೆಲದ ಮೇಲೆ ಟ್ರೇಲರ್ ಓಡಿಸಿದರೆ ಗಾಲಿಯ ಅಡಿ ಮಣ್ಣು ಗಟ್ಟಿಯಾಗಿ ಬೇರು ಇಳಿಯದು.

ಕೊಟ್ಟಿಗೆ ಗೊಬ್ಬರದ ಪಟ್ಟೆಯಲ್ಲಿ ಫಲ ಮೊದಲ ವರ್ಷವೇ ಕಣ್ಣಿಗೆ ಬೀಳುತ್ತದೆ: ಮಳೆ ಹೊಡೆತಕ್ಕೆ ಮೇಲ್ಮಣ್ಣು ಗಟ್ಟಿ ಪದರ ಕಟ್ಟುವುದು ಕಡಿಮೆಯಾಗಿ ರಾಗಿ ಮೊಳಕೆ ಸಲೀಸಾಗಿ ಏಳುತ್ತದೆ. ಎಕರೆಗೆ ನಾಲ್ಕು ಟನ್ ಹಾಕಿದರೆ ಸುಮಾರು 20 ಕೆ.ಜಿ. ಸಾರಜನಕ, ಆದರೆ ಬಹುಪಾಲು ಆ ವರ್ಷವೇ ಕೈಗೆ ಸಿಗದು. ನಮ್ಮ ಬಿಸಿಲಿಗೆ ಸಾವಯವ ಅಂಶ ಬೇಗ ಕರಗುವುದರಿಂದ ವರ್ಷವೂ ಹಾಕಬೇಕು. ಅರೆಕೊಳೆತದ್ದಾದರೆ ಗೆದ್ದಲು, ಗೊಣ್ಣೆಹುಳು, ಕಳೆ ಬೀಜ ಎಲ್ಲವೂ ಜೊತೆಯಲ್ಲಿ ಬರುತ್ತವೆ.

ಅಪ್ಸೆಣಬು ಮೂರರಲ್ಲಿ ಅಗ್ಗ. ಎಕರೆಗೆ 15-20 ಕೆ.ಜಿ. ಬೀಜ, 45 ದಿನಕ್ಕೆ ಹೂವು ಬರುವಾಗ ಮಣ್ಣಿಗೆ ಸೇರಿಸುವುದು. ತಡಮಾಡಿದರೆ ಕಾಂಡ ನಾರಾಗುತ್ತದೆ. ಅದನ್ನು ಕೊಳೆಸಲು ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಮಳೆಯಾಶ್ರಯದಲ್ಲಿ ಭರಣಿ ಅಥವಾ ಕೃತ್ತಿಕೆ ಮಳೆಗೆ (ಏಪ್ರಿಲ್ ಕೊನೆಯಿಂದ ಮೇ ತಿಂಗಳೊಳಗೆ) ಬಿತ್ತಿ, ಮಗುಚಿ, ಎರಡು ವಾರ ಬಿಟ್ಟು ಜಿಪಿಯು-28ರಂಥ ರಾಗಿ ತಳಿ ಹಾಕಬಹುದು. ಆ ಮಳೆ ಕೈಕೊಟ್ಟರೆ ಗೊಬ್ಬರವೂ ಇಲ್ಲ, ನೆಲದ ತೇವವೂ ಖಾಲಿ. ಹಾಗಾಗಿ ಕೊಳವೆಬಾವಿ ಇದ್ದವರಿಗಷ್ಟೇ ಇದು ನಂಬುವ ದಾರಿ.

ಒಂದೇ ಆರಿಸಿ ಎಂದರೆ, ಪಟ್ಟಿ ಮುರಿಯುವ ಮಣ್ಣಿಗೆ ನಮ್ಮ ಮತ ಗೋಡಿಗೆ. ಆದರೆ ಬರೀ ಗೋಡು ಒಣಗಿದಾಗ ಹೆಂಟೆ ಕಟ್ಟುತ್ತದೆ, ಜೊತೆಗೆ ಗೊಬ್ಬರ ಬೇಕೇ ಬೇಕು. ಇಡೀ ಎಕರೆಗೆ ಲೋಡು ಹೊಡೆಸಲು ದುಡ್ಡಿಲ್ಲದಿದ್ದರೆ ಈ ಸಲ ಹತ್ತು ಗುಂಟೆಗೆ ಪೂರ್ತಿ ದಪ್ಪ ಹರಡಿ, ಉಳಿದದ್ದು ಮುಂದಿನ ಬೇಸಿಗೆಗೆ.