ಮೊಲಕ್ಕೆ ಫ್ರೀ ಸ್ನಾನ ಅಂದ್ರೆ ಕೈಮುಗಿದು ಬೇಡ ಅನ್ನಿ

ವಿಜಯಪುರದಲ್ಲಿ ಮೊಲ ಸಾಕಿದವರು ಪಂಚಮಿಗೆ ಊರಿಗೆ ಹೊರಡುವ ಮುಂಚೆ ಇದನ್ನು ಓದಿಬಿಡಿ. ಮೊಲವನ್ನು ಪೆಟ್ ಅಂಗಡಿಯಲ್ಲಿ ಬಿಟ್ಟು ಹೋಗೋ ಯೋಚನೆ ಇದ್ದರಂತೂ ಪೂರ್ತಿ ಓದಿ.

ಹೋದ ವರ್ಷ ಹಬ್ಬಕ್ಕೆ ಬಾದಾಮಿ ಕಡೆ ತವರಿಗೆ ಹೋಗುವುದಿತ್ತು. ಬಸ್ಸಿನ ಗದ್ದಲದಲ್ಲಿ ಮೊಲ ಬೇಡ ಅಂತ ಇಲ್ಲೇ ಒಂದು ಅಂಗಡಿಯಲ್ಲಿ ಬಿಟ್ಟೆವು. ಜೊತೆಗೆ ಒಂದು ಚೀಲ ಒಣಹುಲ್ಲು ಕೊಟ್ಟಿದ್ದೆವು. ಹುಲ್ಲನ್ನೇ ಹಾಕಿ, ಸ್ನಾನ ಮಾಡಿಸಬೇಡಿ ಅಂತ ಚೀಟಿ ಬೇರೆ ಬರೆದಿದ್ದೆವು. ವಾಪಸ್ ಬಂದು ನೋಡಿದರೆ ಚೀಲದ ಗಂಟು ಬಿಚ್ಚೇ ಇರಲಿಲ್ಲ. ಪಂಜರದಲ್ಲಿ ಬ್ರೆಡ್ ತುಂಡು, ನೆನೆಸಿದ ಕಡಲೆ. ಮೊಲದ ಮೈಯಿಂದ ಘಮ್ಮಂತ ಶಾಂಪೂ ವಾಸನೆ. "ಹಿಂದ್ಗಡೆ ಗಲೀಜಾಗಿತ್ತು ಮೇಡಂ, ಫ್ರೀಯಾಗಿ ಸ್ನಾನ ಮಾಡಿಸೀವಿ" ಅಂದ ಅಂಗಡಿಯವನು, ಉಪಕಾರ ಮಾಡಿದವನ ಹಾಗೆ.

ಮನೆಗೆ ಬಂದ ಮೇಲೆ ಅದು ಮೂಲೆಯಲ್ಲಿ ಮುದುರಿ ಕೂತುಬಿಟ್ಟಿತು. ಕೊತ್ತಂಬರಿ ಹಿಡಿದರೂ ಮೂಸಲಿಲ್ಲ. ಹಲ್ಲು ಕಡಿಯುತ್ತಿತ್ತು. ಎತ್ತಿ ಬಾಲದ ಕೆಳಗೆ ನೋಡಿದರೆ ಕೂದಲೆಲ್ಲ ಹಸಿಹಸಿಯಾಗಿ ಅಂಟಿಕೊಂಡಿತ್ತು. ಬೆರಳಿನಿಂದ ಕೂದಲು ಬಿಡಿಸಿದೆ. ಕೆಳಗೆ ಕೆಂಪಗೆ ಸುಲಿದ ಚರ್ಮ, ಅದರಲ್ಲಿ ಬಿಳಿ ಹುಳಗಳು ಮಿಜಿಮಿಜಿ ಅನ್ನುತ್ತಿದ್ದವು. ಮೇಲಿನಿಂದ ನೋಡಿದರೆ ಒಂದೂ ಕಾಣುತ್ತಿರಲಿಲ್ಲ.

ಪಶುವೈದ್ಯರು ಕೂದಲು ಕತ್ತರಿಸಿ ಚಿಮಟಿಗೆಯಿಂದ ಒಂದೊಂದೇ ಹುಳ ತೆಗೆದರು. ನೋವಿಗೆ ಇಂಜೆಕ್ಷನ್, ಚರ್ಮದಡಿ ಸಲೈನ್. ಆಮೇಲೆ ನಾವು ನೆನೆಸಿ ಅರೆದ ಮೇವನ್ನು ಸಿರಿಂಜಿನಲ್ಲಿ ಕುಡಿಸುತ್ತಾ ಕೂತೆವು. ಬದುಕಿತು. ಎಲ್ಲರ ಮೊಲವೂ ಬದುಕಲ್ಲ.

ಇದಕ್ಕೆಲ್ಲ ಮೂಲ ಹೊಟ್ಟೆ. ಮೊಲ ಎರಡು ಥರ ಹಿಕ್ಕೆ ಹಾಕುತ್ತದೆ. ಒಂದು ನಾವು ಗುಡಿಸೋದು, ಗುಂಡಗೆ, ಒಣಗಿದ್ದು. ಇನ್ನೊಂದು ಮೆತ್ತಗೆ, ಗೊಂಚಲು ಗೊಂಚಲಾಗಿ ಬರುತ್ತದೆ. ಸೀಕಂ ಅನ್ನೋ ದೊಡ್ಡ ಕರುಳಚೀಲದಲ್ಲಿ ಬ್ಯಾಕ್ಟೀರಿಯಾಗಳು ಹುದುಗಿಸಿ ಮಾಡಿದ ಇದನ್ನು ಮೊಲ ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಅಸಹ್ಯ ಅನ್ನಬೇಡಿ, ಮೊಲಕ್ಕೆ ಬೇಕಾದ ಬಿ ವಿಟಮಿನ್, ಒಂದಷ್ಟು ಪ್ರೋಟೀನ್ ಇದರಿಂದಲೇ ಸಿಗುತ್ತದೆ. ನಾರು ಕಮ್ಮಿಯಾಗಿ ಬ್ರೆಡ್ಡು, ಬಿಸ್ಕೆಟ್ಟು, ಕಾಳು ಜಾಸ್ತಿಯಾದರೆ ಆ ಬ್ಯಾಕ್ಟೀರಿಯಾಗಳ ಲೆಕ್ಕ ತಪ್ಪುತ್ತದೆ. ಮೆತ್ತನೆಯದು ಅಂಟಂಟಾಗಿ ಬಾಲದ ಕೆಳಗೆ ಮೆತ್ತಿಕೊಳ್ಳುತ್ತದೆ. ಅಂಗಡಿಯವನು ಕಂಡ ಗಲೀಜು ಅದೇ. ಅವನು ಹಾಕಿದ ಬ್ರೆಡ್ಡಿಂದ ಆದ ಗಲೀಜನ್ನು ಅವನೇ ತೊಳೆದ.

ತೊಳೆದದ್ದು ಇನ್ನೂ ಕೆಟ್ಟದಾಯಿತು. ಮೊಲದ ಕೂದಲು ತುಂಬಾ ದಟ್ಟ, ಬೇಗ ಒಣಗಲ್ಲ. ಶ್ರಾವಣದ ಮಳೆ, ಒದ್ದೆ ಕೂದಲು, ಮಲದ ವಾಸನೆ, ನೊಣಕ್ಕೆ ಇನ್ನೇನು ಬೇಕು ಹೇಳಿ? ಮೊಟ್ಟೆ ಇಟ್ಟು ಒಂದೇ ದಿನದೊಳಗೆ ಹುಳ ಆಗುತ್ತವೆ, ಜೀವಂತ ಮೈಯನ್ನೇ ತಿನ್ನುತ್ತವೆ. ಇದು ಬಿಟ್ಟರೂ, ನೀರಲ್ಲಿ ಮುಳುಗಿಸಿದ ಮೊಲ ಗಾಬರಿಯಿಂದ ಒದ್ದಾಡಿ ಬೆನ್ನುಮೂಳೆ ಮುರಿದುಕೊಳ್ಳೋದುಂಟು, ಶಾಕ್ ಆಗಿ ಸಾಯೋದೂ ಉಂಟು. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟಿದಾಗಲೂ ಸ್ನಾನ ಬೇಡ. ಐಸ್ ಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ, ಕಿವಿಗೆ ಒದ್ದೆ ಕೈ ಸವರಿ.

ಹಿಂದೆ ಮೆತ್ತಿಕೊಂಡಿದ್ದರೆ ಅಷ್ಟು ಜಾಗ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಮೈ ತಾನೇ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ, ನೀವು ಬಾಚಿದರೆ ಸಾಕು. ಕೂದಲು ಉದುರುವ ಕಾಲದಲ್ಲಿ ಬಾಚೋದು ಬಿಡಬೇಡಿ. ಮೊಲಕ್ಕೆ ವಾಂತಿ ಬರಲ್ಲ, ನುಂಗಿದ ಕೂದಲು ಕರುಳಿನಲ್ಲೇ ದಾಟಿಹೋಗಬೇಕು. ಅದಕ್ಕೂ ಹುಲ್ಲೇ ಬೇಕು. ಊಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಒಣಹುಲ್ಲಿರಲಿ. ಪೇಟೆಯ ಟಿಮೊಥಿ ಹುಲ್ಲು ದುಬಾರಿ ಅನಿಸಿದರೆ ಔಷಧಿ ಹೊಡೆಯದ ಕಡೆಯ ಕರಿಕಿ ಒಣಗಿಸಿ ಹಾಕಿ. ಹೊಲದಿಂದ ಎಳೆ ಜೋಳದ ಹಸಿ ಮೇವು ತಂದು ಹಾಕಬೇಡಿ. ಅದರಲ್ಲಿ ಸಯನೈಡ್ ವಿಷ ಇರುತ್ತದೆ, ದನಗಳೇ ಸಾಯುತ್ತವೆ, ರೈತರನ್ನು ಕೇಳಿ. ಕ್ಯಾರೆಟ್ ಅಪರೂಪಕ್ಕೊಂದು ಚೂರು ಸಾಕು, ಸಿಹಿ ಜಾಸ್ತಿ.

ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳು ನಿಂತಿದೆ ಅಂತ ಲೆಕ್ಕ. ನಾಳೆ ನೋಡೋಣ ಅನ್ನಬೇಡಿ. ಮೆಡಿಕಲ್ ಶಾಪಿನವರ ಮಾತು ಕೇಳಿ ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಕುಡಿಸಬೇಡಿ, ಮೊಲದ ಒಳ್ಳೆ ಬ್ಯಾಕ್ಟೀರಿಯಾಗಳನ್ನೇ ಕೊಂದು ಪ್ರಾಣ ತೆಗೆಯುತ್ತದೆ. ನಾಯಿಗೆ ಹಚ್ಚುವ ಫಿಪ್ರೊನಿಲ್ ಇರುವ ಚಿಗಟದ ಔಷಧಿಯೂ ಮೊಲಕ್ಕೆ ವಿಷ.

ಅಂಗಡಿಯವನನ್ನು ಕೇಳಲು ಹೋದರೆ "ತಂದಾಗಲೇ ಹುಳ ಇದ್ವು" ಅಂದುಬಿಟ್ಟ. ನಮ್ಮ ಹತ್ತಿರ ಸಾಕ್ಷಿ ಎಲ್ಲಿದೆ? ಅದಕ್ಕೇ ಹೇಳ್ತೀನಿ, ಬಿಡಲೇಬೇಕಾದ ಪರಿಸ್ಥಿತಿ ಬಂದರೆ ಅಂಗಡಿಯವರ ಎದುರಿಗೇ ಮೊಲದ ಬಾಲದ ಕೆಳಗಿನ ಫೋಟೊ ತೆಗೆದುಕೊಳ್ಳಿ. ದಿನಾ ಒಂದು ಅಂಥದೇ ಫೋಟೊ, ಅವತ್ತಿನ ಹಿಕ್ಕೆಯದೊಂದು ಫೋಟೊ ವಾಟ್ಸಾಪ್ ಮಾಡಿ ಅಂತ ಕೇಳಿ. ನಗ್ತಾರೆ, ನಗಲಿ. ಆಗಲ್ಲ ಅಂದವರ ಹತ್ತಿರ ಬಿಡಬೇಡಿ.