ಔಷಧಿ ಬೆರೆಸಿದ ಸೊಳ್ಳೆ ಪರದೆ: ದಾರ್ ಎಸ್ ಸಲಾಮ್‌ನಲ್ಲಿ 4 ವರ್ಷ, ಮಂಗಳೂರಿನಲ್ಲಿ 2 ಮಳೆಗಾಲ

2019ರಲ್ಲಿ ಕೆಲಸಕ್ಕೆಂದು ತಾಂಜಾನಿಯಾಕ್ಕೆ ಹೋದೆ. ದಾರ್ ಎಸ್ ಸಲಾಮ್‌ನಲ್ಲಿ ಮನೆ ಹಿಡಿದ ದಿನವೇ ಕೊಂಡದ್ದು ಈ ನೀಲಿ ಪರದೆ. ದಾರ ತೆಗೆಯುವಾಗಲೇ ಪ್ಲಾಸ್ಟಿಕ್‌ಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆರೆಸಿರುತ್ತಾರೆ. ಒಗೆದಾಗ ಮೇಲಿನದು ಹೋದರೂ ಒಳಗಿನದು ನಿಧಾನವಾಗಿ ಹೊರಗೆ ಬರುತ್ತದೆ. 20 ಒಗೆತ, ಇಲ್ಲವೇ ಸುಮಾರು 3 ವರ್ಷ ಬಾಳಿಕೆ ಅನ್ನುತ್ತಾರೆ. ನನ್ನದು 3 ವರ್ಷ ಬಂತು. ಹರಿದದ್ದು ಕೆಳಗಿನ ಅಂಚಿನಲ್ಲಿ, ಮಂಚದ ಹಲಗೆಯ ಸಿಬಿರಿಗೆ ಸಿಕ್ಕಿ.

ಕಟ್ಟುವುದನ್ನು ಕಲಿಸಿದವಳು ನಮ್ಮ ಮನೆಗೆಲಸದ ದಾದಾ. ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ. ಕೆಲಸಕ್ಕೆ ಬರುವವಳನ್ನೂ ಹಾಗೇ ಕರೆಯುತ್ತಾರೆ. ನಾನು ಪರದೆಯನ್ನು ನೆಲದವರೆಗೆ ಇಳಿಬಿಟ್ಟಿದ್ದೆ. ಅವಳು ಹಾಸಿಗೆಯ ಮೂಲೆ ಎತ್ತಿ, ಅಂಗೈ ಚಪ್ಪಟೆ ಮಾಡಿ, ಒಂದು ಗೇಣು ಪರದೆಯನ್ನು ಅಡಿಗೆ ತಳ್ಳುತ್ತಾ ಮೂರು ಬದಿ ಮುಗಿಸಿದಳು. ನಾಲ್ಕನೆಯ ಬದಿಯನ್ನು ಒಳಗೆ ಹತ್ತಿ ಕುಳಿತ ಮೇಲೆ ಸಿಕ್ಕಿಸಬೇಕು. ಆಮೇಲೆ ಟಾರ್ಚ್ ಹಾಕಿ ಒಳಗೆ ಯಾವುದಾದರೂ ಉಳಿದಿದೆಯಾ ನೋಡಬೇಕು. ಅಂದಿನಿಂದ ಇಂದಿನವರೆಗೆ ಇದೇ ಕ್ರಮ. ಅಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಹೆಚ್ಚಾಗಿ ನಡುರಾತ್ರಿಯ ಹೊತ್ತಿಗೆ, ಮನೆಯೊಳಗೆ, ನಾವು ಗಾಢ ನಿದ್ದೆಯಲ್ಲಿರುವಾಗ.

ನನಗೆ ಮಲೇರಿಯಾ ಬಂದದ್ದು ಈ ಪರದೆ ಇಲ್ಲದ ಎರಡು ರಾತ್ರಿಗಳಿಂದ. ತಾಂಜಾನಿಯಾದ್ದೇ ಇನ್ನೊಂದು ಊರು ಮೊರೊಗೊರೊಗೆ ಹೋದಾಗ ಉಳಿದುಕೊಂಡ ಕೋಣೆಯ ಪರದೆಯಲ್ಲಿ ಕೈ ತೂರುವಷ್ಟು ತೂತು. ಎರಡೇ ರಾತ್ರಿ ತಾನೇ ಅಂದುಕೊಂಡೆ. ಹನ್ನೊಂದನೆಯ ದಿನ ಚಳಿ, ಹಲ್ಲು ಕಟಕಟ. ಬೆರಳಿನ ರಕ್ತ ಪರೀಕ್ಷೆಯಲ್ಲಿ ಫಾಲ್ಸಿಪಾರಂ, ಅಂದರೆ ಮಲೇರಿಯಾದ ಅಪಾಯಕಾರಿ ಬಗೆ, ಬಂತು. 3 ದಿನದಲ್ಲಿ 24 ಮಾತ್ರೆ, ಪ್ರತಿ ಸಲವೂ ಹಾಲಿನ ಜೊತೆ. ಆಮೇಲೆ ಎಲ್ಲಿಗೆ ಹೋದರೂ ಪರದೆ ಬ್ಯಾಗಿನಲ್ಲೇ.

ಕೊರತೆಗಳೂ ಉಂಟು. ಕರೆಂಟು ಹೋಗಿ ಫ್ಯಾನ್ ನಿಂತರೆ ಒಳಗೆ ಬೇಯುತ್ತದೆ. ಹೊಸದನ್ನು ಒಂದು ದಿನ ನೆರಳಲ್ಲಿ ಹರಡದೆ ಕಟ್ಟಿದರೆ ಮುಖ ಚುರುಗುಟ್ಟುತ್ತದೆ. ಕಾಲು ಪರದೆಗೆ ತಾಗಿದರೆ ಹೊರಗಿನಿಂದಲೇ ಕಚ್ಚಬಹುದು, ಹಾಗಾಗಿ ದೊಡ್ಡ ಅಳತೆಯದ್ದನ್ನೇ ತಗೊಳ್ಳಿ. ಬ್ಲೀಚ್ ಬೇಡ, ಮೆದು ಸೋಪು, ನೆರಳಲ್ಲಿ ಒಣಗಿಸುವುದು. ತೋಡಿನಲ್ಲಿ ಮಾತ್ರ ದಯವಿಟ್ಟು ಒಗೆಯಬೇಡಿ, ಪರ್ಮೆಥ್ರಿನ್ ಮೀನುಗಳಿಗೆ ವಿಷ.

ಈಗ ಆಫ್ರಿಕಾಕ್ಕೆ ಹೊರಟವರು ಬರೀ ಪರ್ಮೆಥ್ರಿನ್‌ನ ಪರದೆ ಕೊಳ್ಳಬೇಡಿ. ಅಲ್ಲಿ ಹಲವು ಕಡೆ ಸೊಳ್ಳೆಗಳು ಆ ಜಾತಿಯ ಔಷಧಿಗೆ ಒಗ್ಗಿಹೋಗಿವೆ. ಕ್ಲೋರ್‌ಫೆನಪಿರ್ (ಬೇರೆ ಜಾತಿಯ ಕೀಟನಾಶಕ) ಅಥವಾ ಪಿಬಿಒ (ಔಷಧಿಯ ಬಲ ಹೆಚ್ಚಿಸುವ ರಾಸಾಯನಿಕ) ಸೇರಿಸಿದ್ದು ಸಿಗುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಲೋರ್‌ಫೆನಪಿರ್ ಸೇರಿದ ಪರದೆಯನ್ನು ಬಲವಾಗಿ ಶಿಫಾರಸು ಮಾಡಿದೆ.

2022ರಲ್ಲಿ ಕೊಂಡ ಎರಡನೆಯ ಪರದೆಯ ಜೊತೆ ಮರುವರ್ಷ ಮಂಗಳೂರಿಗೆ ವಾಪಸಾದೆ. ಇಲ್ಲಿ ನುಸಿಯ ಲೆಕ್ಕ ಬೇರೆ. ಕಟ್ಟುವ ಕಟ್ಟಡಗಳಲ್ಲಿ ನಿಂತ ನೀರು, ತಾರಸಿಯ ಟ್ಯಾಂಕು, ಅಲ್ಲೆಲ್ಲ ಮಲೇರಿಯಾದ ಸೊಳ್ಳೆ ಹುಟ್ಟುತ್ತದೆ. ಡೆಂಗಿಯ ಈಡಿಸ್ ಅಂತೂ ಹಗಲಲ್ಲೇ ಕಚ್ಚುತ್ತದೆ. ಮಗಳ ಮಧ್ಯಾಹ್ನದ ನಿದ್ದೆಗೆ ಪರದೆ ಸಾಕು, ಅವಳು ಅಂಗಳದಲ್ಲಿ ಆಡುವಾಗ ಅದರಿಂದ ಏನೂ ಪ್ರಯೋಜನ ಇಲ್ಲ. ಅದಕ್ಕೇ ಪ್ರತಿ ಭಾನುವಾರ ನೀರು ಚೆಲ್ಲುವ ಕೆಲಸ. ಬರೀ ಚೆಲ್ಲಿದರೆ ಸಾಲದು, ತೆಂಗಿನ ನಾರಿನಿಂದ ಪಾತ್ರೆಯ ಒಳಮೈ ಉಜ್ಜಬೇಕು. ಈಡಿಸ್ ಮೊಟ್ಟೆ ನೀರಿನ ಗೆರೆಯ ಮೇಲೆ ಕರಿ ಚುಕ್ಕೆಯಂತೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಸುಳ್ಯದ ಮಾವನ ಮನೆಯಲ್ಲಿ ಮಳೆಗಾಲಕ್ಕೆ ರಬ್ಬರ್ ತೋಟದ ಗೆರಟೆಗಳನ್ನೆಲ್ಲ ಕವುಚಿ ಹಾಕುತ್ತೇವೆ, ಉದುರಿದ ಅಡಿಕೆ ಹಾಳೆಯನ್ನೂ ಬಿಡುವುದಿಲ್ಲ.

ಕಾಯಿಲ್, ಲಿಕ್ವಿಡ್ ಮೆಷಿನ್ ಎರಡನ್ನೂ ಬಳಸಿದ್ದೇನೆ. ಹೊಗೆಗೆ ಮಗಳಿಗೆ ಕೆಮ್ಮು, ಕರೆಂಟು ಹೋದರೆ ಮೆಷಿನ್ ಸುಮ್ಮನೆ.

ಎರಡನೆಯ ಪರದೆಗೆ ಈ ವರ್ಷ 3 ತುಂಬುತ್ತದೆ. ಹೊಸದು ತರಿಸಿದ್ದೇನೆ, ಮೊದಲ ಮಳೆಗೆ ಮುಂಚೆ ಕಟ್ಟಬೇಕು. ಈ ಸಲ ಮಂಚದ ಸಿಬಿರಿಗೆ ಮರಳು ಕಾಗದ ಉಜ್ಜಿಯೇ ಕಟ್ಟುವುದು.